ಪಟ್ಟಿಯಾಗ ನಿಮ್ಮ ಹೆಸರು ಅದ ಏನ್ರಿ?

ರಂಗಂಪೇಟೆ: ಸಂಜೆ ಐದರ ಹೊತ್ತು. ಬಸ್ಸಿಗೆ ಕಾಯುತ್ತ ನಿಂತ ಮಂದಿಯನ್ನು ಒಮ್ಮೆ ನೋಡಿರಿ. ಹತ್ತರಲ್ಲಿ ಎಂಟು ಮಂದಿಯ ತಲೆ ಬಾಗಿದೆ. ಭಕ್ತಿಗೆ ಬಾಗಿದ ತಲೆ ಎಂದುಕೊಂಡೀರಿ, ಮೊಬೈಲಿಗೆ ಬಾಗಿದ್ದು! ಒಬ್ಬ ಮುಖ್ಯಮಂತ್ರಿಗಳ ಭಾಷಣ ನೋಡುತ್ತಾನೆ. ಪಕ್ಕದವ ಅದಕ್ಕೆ ವಿರೋಧ ಪಕ್ಷದವರು ಕೊಟ್ಟ ಉತ್ತರ ನೋಡುತ್ತಾನೆ. ಮೂರನೆಯವ ಇಬ್ಬರನ್ನೂ ಬೈದು ಯಾರೋ ಬರೆದದ್ದನ್ನು ಮುಂದಕ್ಕೆ ದೂಡುತ್ತಾನೆ. ಲಿಂಗಸುಗೂರಿನ ಬಸ್ಸು ಬರುವುದರೊಳಗೆ ದಿಲ್ಲಿ ಸರ್ಕಾರ ಒಮ್ಮೆ ಬಿದ್ದು ಒಮ್ಮೆ ಎದ್ದಿರುತ್ತದೆ.

ಅಲ್ಲೇ ಹತ್ತಿರದ ಒಂದು ಕಿರಾಣಿ ಅಂಗಡಿಯ ಮುಂದೆ ಮೊನ್ನೆ ನಡೆದ ಮಾತು ಇದು. ಕಾಲೇಜು ಮುಗಿಸಿದ ಹುಡುಗನೊಬ್ಬ ಕೇಳಿದ:

“ಸಾವುಕಾರ್ರ, ಮುಂದಿನ ಸಲ ಯಾರು ಬರ್ತಾರ್ರಿ?”

“ಯಾರರೆ ಬರ್ಲಿ ತಮ್ಮಾ. ಪಟ್ಟಿಯಾಗ ನಿನ್ನ ಹೆಸರು ಅದ ಏನು ನೋಡಿ?”

ಹುಡುಗ ತಲೆ ಕೆರೆದುಕೊಂಡ. ನಾಲ್ಕು ಗ್ರೂಪಿಗೆ ಅಡ್ಮಿನ್ ಅವನು. ದಿನಕ್ಕೆ ನೂರು ಮೆಸೇಜು ಕಳಿಸುತ್ತಾನೆ. ಆದರೆ ತನ್ನ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯೋ ಇಲ್ಲವೋ, ಅದನ್ನು ಮಾತ್ರ ನೋಡಿರಲಿಲ್ಲ.

ಈ ಇಂಟರ್‌ನೆಟ್ ಎಂಬ ಮಹಾಮಾಯೆ ನಮ್ಮ ಪ್ರಜಾಪ್ರಭುತ್ವಕ್ಕೆ ಏನು ಕೊಟ್ಟಿತು, ಏನು ಕಸಿಯಲು ಕೈ ಹಾಕಿದೆ? ದೊಡ್ಡ ಊರಿನ ಪಂಡಿತರು ಇದರ ಮೇಲೆ ದೊಡ್ಡ ದೊಡ್ಡ ಮಾತು ಆಡುತ್ತಾರೆ. ನಾವು ನಮ್ಮ ಪೇಟೆಯಲ್ಲೇ ನಿಂತು, ನಮ್ಮ ಲೆಕ್ಕದಲ್ಲೇ ನೋಡೋಣ.

ಹೆಸರಿಗೆ ಬಂದ ಬೆಲೆ

ನಮ್ಮ ಸೀಮೆಯ ಹಿರಿಯರಿಗೆ ಗೊತ್ತಿರುವ ಸಂಗತಿ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಪ್ರಜೆಗಳು. ಸುರಪುರ ಆಗ ಗುಲಬರ್ಗಾ ಜಿಲ್ಲೆಗೆ ಸೇರಿದ್ದು, ಗುಲಬರ್ಗಾ ಹೈದರಾಬಾದಿಗೆ. ಅಹವಾಲು ಇದ್ದರೆ ಅರ್ಜಿ ಬರೆಸಿ, ಕೈಕಟ್ಟಿ ನಿಲ್ಲಬೇಕು. ಊರಿನ ಎಲ್ಲ ಹಿರಿ ಕಿರಿಯರ ಓಟು ಎಂಬುದು 1952ರ ಮೊದಲ ಮಹಾಚುನಾವಣೆಯಿಂದ ಬಂದದ್ದು. ಅಂದು ಸಾವುಕಾರನಿಗೂ ಒಂದೇ ಓಟು, ಹಮಾಲನಿಗೂ ಒಂದೇ ಓಟು ಆಯಿತು.

ಆ ಮೊದಲ ಚುನಾವಣೆಯ ಒಂದು ಸಂಗತಿ ಇಂದಿಗೂ ನೆನಪಿಡುವಂಥದು. ಪಟ್ಟಿ ಬರೆಯಲು ಮನೆಗೆ ಹೋದವರಿಗೆ, ಉತ್ತರದ ಕಡೆಯ ಎಷ್ಟೋ ಹೆಣ್ಣುಮಕ್ಕಳು ಹೊರಗಿನ ಗಂಡಸಿನ ಮುಂದೆ ಸ್ವಂತ ಹೆಸರು ಹೇಳಲು ನಾಚಿಕೊಂಡು “ಇಂಥವರ ಹೆಂಡತಿ”, “ಇಂಥವರ ತಾಯಿ” ಎಂದರಂತೆ. ಹಾಗೆ ಬರೆದುಕೊಂಡ ಹೆಸರುಗಳನ್ನು ಆಯೋಗ ಒಪ್ಪಲಿಲ್ಲ. ದೇಶದಲ್ಲಿ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಆಳು ಇದ್ದರೂ, ಹಕ್ಕು ಇದ್ದರೂ, ಹೆಸರು ಇಲ್ಲದ್ದಕ್ಕೆ ಓಟು ಇಲ್ಲ! ಪ್ರಜಾಪ್ರಭುತ್ವದ ಬುಡ ಇರುವುದು ಭಾಷಣದ ವೇದಿಕೆಯಲ್ಲಿ ಎಂದು ತಿಳಿದವರು ಈ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಬೇಕು. ಬುಡ ಇರುವುದು ಆ ಪಟ್ಟಿಯಲ್ಲಿ.

ದೂರ ಕಡಿಮೆ ಆದದ್ದು ಖರೆ

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಇಲ್ಲದಿದ್ದರೆ ‘ಮುದುಕರ ಗೊಣಗಾಟ’ ಅಂದಾರು.

ಒಂದು ಕಾಲಕ್ಕೆ ಪಹಣಿ ಬೇಕೆಂದರೆ ಊರಿನ ಶಾನುಭೋಗರ ಪೆಟ್ಟಿಗೆ ತೆರೆಯಬೇಕಿತ್ತು, ಆಮೇಲೆ ತಲಾಟಿ ಸಾಹೇಬರನ್ನು ಹುಡುಕಬೇಕಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿತು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ರಸ್ತೆಗೆ ಎಷ್ಟು ರೊಕ್ಕ ಬಂತು, ಎಷ್ಟು ಹೋಯಿತು ಎಂದು ಕೇಳುವ ಅಧಿಕಾರ ಸಾಮಾನ್ಯನಿಗೆ ಸಿಕ್ಕಿತು. ಈಗ ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಎಂಬ ಸಮಾಚಾರ ಅಧಿಕಾರಿಗಳ ಸಭೆ ಮುಗಿದ ಸ್ವಲ್ಪ ಹೊತ್ತಿಗೇ ರೈತನ ಫೋನಿಗೆ ಬಂದಿರುತ್ತದೆ. ಹಿಂದೆ ಅದೇ ಸುದ್ದಿ ಊರು ಮುಟ್ಟುವ ಹೊತ್ತಿಗೆ ಕಾಲುವೆ ಒಣಗಿರುತ್ತಿತ್ತು.

ಇನ್ನೊಂದು ಮಾತು. 2011ರ ಜನಗಣತಿ ಪ್ರಕಾರ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83. ರಾಜ್ಯಕ್ಕೇ ಕೊನೆಯ ಸ್ಥಾನ. ಓದಲು ಬಾರದ ಆ ಅರ್ಧ ಮಂದಿಗೆ ಪತ್ರಿಕೆ ಯಾವತ್ತೂ ಮುಟ್ಟಿರಲಿಲ್ಲ. (ಬರೆಯುವ ನಮಗೆ ಇದು ನಾಚಿಕೆಯ ಮಾತು, ಆದರೂ ಖರೆ.) ಇವತ್ತು ಅಕ್ಷರ ಬಾರದ ಅಜ್ಜಿಯೂ ದನಿಯ ಮೆಸೇಜು ಒತ್ತಿ, “ನಮ್ ಓಣಿಗೆ ಎಂಟು ದಿನ ಆತು ನೀರು ಬಂದಿಲ್ಲ” ಅಂತ ವಾರ್ಡಿನ ಗ್ರೂಪಿಗೆ ಹೇಳುತ್ತಾಳೆ. ಸದಸ್ಯರು ಕೇಳಿಸಿಕೊಂಡರು ಅಂತ ನೀಲಿ ಗೆರೆ ಬೀಳುತ್ತದೆ. ನೀರು ಬರುವುದು ಬಿಡುವುದು ಮುಂದಿನ ಮಾತು. ‘ನನಗೆ ಗೊತ್ತೇ ಇರಲಿಲ್ಲ’ ಎನ್ನುವ ಹಳೆಯ ಸಬೂಬು ಮಾತ್ರ ಇನ್ನು ನಡೆಯುವುದಿಲ್ಲ.

ಅಂಗಡಿಕಾರರು ತಮ್ಮ ಕಥೆಯನ್ನು ಮರೆತಿರಲಿಕ್ಕಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ಬೇಕರಿ, ಚಾದಂಗಡಿ, ಬೀಡಿ ಅಂಗಡಿ, ಯಾರನ್ನೂ ಬಿಡಲಿಲ್ಲ. ಲೆಕ್ಕ ಸಿಕ್ಕಿದ್ದು ಎಲ್ಲಿಂದ? ಗಿರಾಕಿಗಳು ಫೋನಿನಿಂದ ಕಳಿಸಿದ ರೊಕ್ಕದ ದಾಖಲೆಯಿಂದ! ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಬಿದ್ದವು. ಆ ಚೀಟಿಯ ಫೋಟೋ ಅಂಗಡಿಯಿಂದ ಅಂಗಡಿಗೆ, ಜಿಲ್ಲೆಯಿಂದ ಜಿಲ್ಲೆಗೆ ಹಾರಿತು. ಜುಲೈ 25ಕ್ಕೆ ಬಂದ್ ಎಂಬ ಕರೆ ಹೊರಟಿತು. ಎರಡು ದಿನ ಮೊದಲೇ, 23ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ ಮಾತಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಬಂದ್ ಹಿಂದಕ್ಕೆ ಹೋಯಿತು.

ನೋಡಿದಿರಾ ಮಜಾ! ನೋಟೀಸು ತಂದದ್ದೂ ನೆಟ್ಟೇ, ನೋಟೀಸಿನ ವಿರುದ್ಧ ಮಂದಿಯನ್ನು ಒಟ್ಟುಗೂಡಿಸಿದ್ದೂ ನೆಟ್ಟೇ. ಎರಡು ಬಾಯಿಯ ಕತ್ತಿ ಅಂದರೆ ಇದೇ.

ಆಳಂದದಲ್ಲಿ ನಡೆದದ್ದೇನು?

ಈಗ ಕತ್ತಿಯ ಇನ್ನೊಂದು ಬಾಯಿಯ ಕಥೆ. ದೂರದ್ದಲ್ಲ. ಶಹಾಪುರ, ಜೇವರ್ಗಿ ದಾಟಿ ಕಲಬುರಗಿ ಮುಟ್ಟಿ, ಅಲ್ಲಿಂದ ಮಹಾರಾಷ್ಟ್ರದ ಗಡಿಯ ದಿಕ್ಕಿಗೆ ಬಸ್ಸು ಹತ್ತಿದರೆ ಆಳಂದ.

ಪಟ್ಟಿಯಿಂದ ಹೆಸರು ತೆಗೆಸಲು ನಮೂನೆ 7 ಎಂಬ ಅರ್ಜಿ ಇದೆ. ಈ ಮನುಷ್ಯ ತೀರಿಕೊಂಡಿದ್ದಾನೆ, ಊರು ಬಿಟ್ಟು ಹೋಗಿದ್ದಾನೆ, ಎರಡು ಕಡೆ ಹೆಸರಿದೆ ಎಂದು ಅದೇ ಕ್ಷೇತ್ರದ ಇನ್ನೊಬ್ಬ ಮತದಾರ ತಿಳಿಸಬಹುದು. ಕಾನೂನು ಒಳ್ಳೆಯದೇ. ಸತ್ತವರ ಹೆಸರಿನಲ್ಲಿ ಓಟು ಬೀಳಬಾರದಲ್ಲ! ಮೊದಲೆಲ್ಲ ಈ ಅರ್ಜಿಯನ್ನು ಕಾಗದದಲ್ಲಿ ಬರೆದು, ಸಹಿ ಹಾಕಿ, ಕಚೇರಿಗೆ ಹೋಗಿ ಕೊಡಬೇಕು. ಕೊಟ್ಟವನ ಮುಖ ಗುಮಾಸ್ತ ನೋಡಿರುತ್ತಿದ್ದ. ನೆಟ್ ಬಂದ ಮೇಲೆ ಮುಖ ತೋರಿಸುವ ಕೆಲಸ ಉಳಿಯಲಿಲ್ಲ. ಎಲ್ಲೋ ಕುಂತು, ಯಾರದೋ ಹೆಸರಿನಲ್ಲಿ, ಇನ್ಯಾರದೋ ಹೆಸರು ತೆಗೆಯಿರಿ ಎಂದು ಒತ್ತಿದರೆ ಆಯಿತು.

2023ರ ವಿಧಾನಸಭೆ ಚುನಾವಣೆಗೆ ಕೆಲವೇ ತಿಂಗಳು ಇದ್ದಾಗ ಆಳಂದದಲ್ಲಿ ಹೀಗೇ ಆಯಿತು. ಒಬ್ಬ ಮತಗಟ್ಟೆ ಮಟ್ಟದ ಅಧಿಕಾರಿಯ ಕೈಗೆ ಬಂದ ಅರ್ಜಿಯಲ್ಲಿ ತಮ್ಮ ಸ್ವಂತ ಬಂಧುವಿನ ಹೆಸರೇ ಕಂಡಿತು! ಅರ್ಜಿ ಹಾಕಿದವರು ಯಾರು ಎಂದು ನೋಡಿದರೆ, ಗುರುತಿನವರೇ. ಹೋಗಿ ಕೇಳಿದರೆ ಅವರಿಗೆ ಸುದ್ದಿಯೇ ಇಲ್ಲ. ಮಾತು ಹಬ್ಬಿತು. ಅಭ್ಯರ್ಥಿಯಾಗಿದ್ದ ಬಿ.ಆರ್. ಪಾಟೀಲರ ಕಡೆಯಿಂದ ದೂರು ಹೋಯಿತು. ಅಧಿಕಾರಿಗಳು ಮನೆ ಮನೆಗೆ ಹೋಗಿ ತಾಳೆ ನೋಡಿದರು.

ಲೆಕ್ಕ ಕೇಳಿರಿ. ನೆಟ್ಟಿನ ಮೂಲಕ ಬಂದ ಅರ್ಜಿ 6,018. ಖರೆ ಇದ್ದದ್ದು 24. ಸುಳ್ಳು 5,994!

ಆ ಹೆಸರುಗಳು ಪಟ್ಟಿಯಿಂದ ಹೋಗಲಿಲ್ಲ, ಉಳಿದವು. 2023ರ ಫೆಬ್ರವರಿಯಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರಿನಲ್ಲಿ ರಾಹುಲ್ ಗಾಂಧಿಯವರು ದಿಲ್ಲಿಯಲ್ಲಿ ಪತ್ರಕರ್ತರ ಮುಂದೆ ಆಳಂದದ ಹೆಸರು ಎತ್ತಿದಾಗ ಇಡೀ ದೇಶಕ್ಕೆ ಗೊತ್ತಾಯಿತು. ಸಾರ್ವಜನಿಕರು ಯಾರೂ ನೆಟ್ಟಿನಲ್ಲಿ ನೇರವಾಗಿ ಹೆಸರು ಅಳಿಸಲು ಬರುವುದಿಲ್ಲ, ಸಂಬಂಧಪಟ್ಟವರ ಮಾತು ಕೇಳದೆ ಹೆಸರು ತೆಗೆಯುವುದಿಲ್ಲ, ಪ್ರಕರಣ ದಾಖಲಿಸಿದ್ದೂ ಆಯೋಗದ ಅಧಿಕಾರಿಗಳೇ ಎಂದು ಚುನಾವಣಾ ಆಯೋಗ ಉತ್ತರ ಕೊಟ್ಟಿತು. ಅದೇ ತಿಂಗಳು ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ನೆಟ್ಟಿನಲ್ಲಿ ಇಂಥ ಅರ್ಜಿ ಹಾಕುವವರು ಆಧಾರಿಗೆ ಸೇರಿದ ಫೋನಿಗೆ ಬರುವ ಓಟಿಪಿ ಕೊಟ್ಟು ತಮ್ಮ ಗುರುತು ತೋರಿಸಬೇಕು ಎಂಬ ಕಟ್ಟಳೆಯನ್ನು ಆಯೋಗ ತಂದದ್ದೂ ಆ ತಿಂಗಳೇ. ಕೈವಾಡ ಯಾರದು ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ.

ನಮ್ಮ ಕೆಲಸ ಲೆಕ್ಕ ಹಾಕುವುದು. 2018ರಲ್ಲಿ ಅದೇ ಆಳಂದದಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದ ಅಂತರ ಬರೇ 697 ಓಟು. ಸುಳ್ಳು ಅರ್ಜಿ 5,994. ಅಂಗಡಿಯ ಗಲ್ಲಾಪೆಟ್ಟಿಗೆ ಎದುರು ಕುಳಿತವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಅಂದ ಹಾಗೆ ಆ ಹೆಸರುಗಳನ್ನು ಉಳಿಸಿದ್ದು ಯಾವ ಯಂತ್ರ? ಯಾವ ಯಂತ್ರವೂ ಅಲ್ಲ. ಓಣಿಯ ಮಂದಿಯ ಗುರುತು ಇದ್ದ ಒಬ್ಬ ಅಧಿಕಾರಿ. “ಇವರು ಇಲ್ಲೇ ಇದ್ದಾರಲ್ಲ!” ಎಂದು ಅನುಮಾನ ಪಟ್ಟು, ಎದ್ದು ಹೋಗಿ ಬಾಗಿಲು ಬಡಿದದ್ದು. ಅಷ್ಟೇ.

ಗುಳೆ ಹೋದವರ ಗತಿ?

ಆಳಂದದ ಸುದ್ದಿ ಓದಿ ನಮಗೇಕೆ ಎದೆ ಹೊಡೆದುಕೊಳ್ಳಬೇಕು? ಕಾರಣ ಇದೆ.

ನಮ್ಮ ಸುರಪುರ, ಶಹಾಪುರ, ಯಾದಗಿರಿ ಸೀಮೆಯಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈ ಕಡೆಗೆ ಗುಳೆ ಹೋಗುವ ಮಂದಿ ಎಷ್ಟು ಎಂಬುದನ್ನು ರಾತ್ರಿ ಬಸ್ಸಿನ ಕಂಡಕ್ಟರನ್ನು ಕೇಳಿರಿ. ಕಟ್ಟಡದ ಕೆಲಸ, ಇಟ್ಟಿಗೆ ಹೊರುವುದು. ಮನೆಗೆ ಬೀಗ, ಇಲ್ಲವೇ ಮುದುಕರು ಮಾತ್ರ. ಇಂಥ ಮನೆಯವರ ಮೇಲೆ ಯಾರಾದರೂ ‘ಊರು ಬಿಟ್ಟಿದ್ದಾರೆ’ ಎಂದು ಅರ್ಜಿ ಹಾಕಿದರೆ, ತಾಳೆ ನೋಡಲು ಬಂದವರಿಗೆ ಬಾಗಿಲಲ್ಲಿ ಕಾಣುವುದೇನು? ಬೀಗ!

ಕಾನೂನು ಅವರ ಪರವಾಗಿಯೇ ಇದೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೆಯ ಕಲಮು, ತಾತ್ಕಾಲಿಕವಾಗಿ ಊರು ಬಿಟ್ಟು ಹೋದ ಮಾತ್ರಕ್ಕೆ ಒಬ್ಬನ ವಾಸ ತಪ್ಪಿಹೋಗುವುದಿಲ್ಲ ಎಂದು ಹೇಳುತ್ತದೆ. ಆದರೆ ಆ ಕಲಮನ್ನು ಬೀಗ ಹೇಳುವುದಿಲ್ಲ, ಪಕ್ಕದ ಮನೆಯವರು ಹೇಳಬೇಕು. “ಅವ್ರು ದುಡಿಯಾಕ ಹೋಗ್ಯಾರ್ರಿ, ಹಬ್ಬಕ್ಕ ಬರ್ತಾರ, ಓಟಿಗೂ ಬರ್ತಾರ” ಎಂಬ ಒಂದು ಮಾತು ಸಾಕು.

ಇಲ್ಲೇ ಮೊಬೈಲಿನ ಉಪಕಾರವೂ ಇದೆ ನೋಡಿ. ಮೊದಲು ಗುಳೆ ಹೋದವನಿಗೆ ಊರಿನ ಸುದ್ದಿ ಸಿಗಬೇಕಾದರೆ ತಿಂಗಳು ಹಿಡಿಯುತ್ತಿತ್ತು. ಈಗ ಪುಣೆಯ ಕಟ್ಟಡದ ಮೇಲೆ ನಿಂತವನು ಸಂಜೆಗೆ ಊರಿನ ಗ್ರೂಪು ತೆರೆದು, ನಮ್ಮ ಓಣಿಯ ಗಟಾರ ಆಯಿತೇ ಎಂದು ಕೇಳುತ್ತಾನೆ. ತನ್ನ ಹೆಸರು ಪಟ್ಟಿಯಲ್ಲಿ ಇದೆಯೇ ಎಂದೂ ಅಲ್ಲಿಂದಲೇ ನೋಡಬಹುದು. ಸುರಪುರ ಕ್ಷೇತ್ರ 2023ರ ಮೇ 10ಕ್ಕೆ ಒಮ್ಮೆ ಓಟು ಹಾಕಿತು. ಶಾಸಕ ರಾಜಾ ವೆಂಕಟಪ್ಪ ನಾಯಕರು ತೀರಿಕೊಂಡ ಮೇಲೆ 2024ರ ಮೇ 7ಕ್ಕೆ ಉಪಚುನಾವಣೆಗೆ ಮತ್ತೊಮ್ಮೆ, ಅದೇ ದಿನ ರಾಯಚೂರು ಲೋಕಸಭೆಗೂ ಹಾಕಿತು. ಹೀಗೆ ಒಂದು ವರ್ಷದ ಒಳಗೆ ಎರಡು ಸಲ ಬಸ್ಸು ಹತ್ತಿ ಬರಬೇಕಾದವನಿಗೆ, ಬಂದ ಮೇಲೆ ‘ನಿನ್ನ ಹೆಸರಿಲ್ಲ ಹೋಗಪ್ಪಾ’ ಎಂದರೆ ಹೇಗಾದೀತು? ಕೂಲಿಯೂ ಹೋಯಿತು, ಓಟೂ ಹೋಯಿತು.

ಒತ್ತುವ ಮುನ್ನ

ಇನ್ನು ಸುದ್ದಿಯ ಮಾತು. 2018ರ ಜುಲೈನಲ್ಲಿ ನಮ್ಮದೇ ವಿಭಾಗದ ಬೀದರ ಜಿಲ್ಲೆಯ ಮುರ್ಕಿ ಎಂಬಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಗಾಳಿಮಾತು ನಂಬಿದ ಮಂದಿ, ಹೈದರಾಬಾದಿನ ಒಬ್ಬ ತರುಣ ಇಂಜಿನಿಯರನನ್ನು ಹೊಡೆದು ಕೊಂದರು. ಆತ ಯಾವ ಮಗುವನ್ನೂ ಕದ್ದಿರಲಿಲ್ಲ. ದೇಶದ ಹಲವೆಡೆ ಇಂಥ ಸಾವುಗಳಾದ ಮೇಲೆ ಅದೇ ತಿಂಗಳು ವಾಟ್ಸಾಪ್ ಕಂಪನಿ, ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ದೂಡಲು ಬಾರದಂತೆ ಕಟ್ಟು ಹಾಕಿತು. ಹೋದ ಜೀವ ಬರಲಿಲ್ಲ.

ಗಾಳಿಮಾತು ಒಂದು ಜೀವ ತೆಗೆಯಬಲ್ಲದು ಅಂದಮೇಲೆ ಒಂದು ಚುನಾವಣೆ ಕೆಡಿಸುವುದು ಅದಕ್ಕೆ ಎಷ್ಟರ ಕೆಲಸ? ಓಟಿನ ಹಿಂದಿನ ರಾತ್ರಿ ‘ಇಂಥ ಅಭ್ಯರ್ಥಿ ಕಣದಿಂದ ಹಿಂದೆ ಸರಿದರು’ ಎಂದು ಒಂದು ಫೋಟೋ ಬಂದರೆ, ಬೆಳಗಾಗುವುದರೊಳಗೆ ಅದನ್ನು ಸುಳ್ಳೆಂದು ಸಾಧಿಸುವವರು ಯಾರು? ಮತದಾನ ಮುಗಿಯುವ ಮೊದಲಿನ 48 ತಾಸು ಬಹಿರಂಗ ಪ್ರಚಾರ ಬಂದ್ ಎಂಬುದು ಕಾನೂನು. ಮೈಕು ಸುಮ್ಮನಾಗುತ್ತದೆ, ಫೋನು ಮಾತ್ರ ಸುಮ್ಮನಾಗುವುದಿಲ್ಲ. 2013ರಿಂದ ಅಭ್ಯರ್ಥಿಗಳು ತಮ್ಮ ಫೇಸ್‌ಬುಕ್ಕು ಮೊದಲಾದ ಖಾತೆಗಳ ವಿವರ ಕೊಡಬೇಕು, ಅಲ್ಲಿನ ಜಾಹೀರಾತಿನ ವೆಚ್ಚವನ್ನೂ ಚುನಾವಣಾ ಖರ್ಚಿಗೆ ಸೇರಿಸಬೇಕು ಎಂದು ಆಯೋಗ ಹೇಳಿದೆ. ಆದರೆ ಅಭಿಮಾನಿ ಎಂಬ ಹೆಸರಿನಲ್ಲಿ ಹತ್ತು ಮಂದಿ ದುಡ್ಡು ತೆಗೆದುಕೊಂಡು ಬರೆದರೆ ಅದು ಯಾರ ಲೆಕ್ಕಕ್ಕೆ? ಈ ತೂತು ಇನ್ನೂ ಮುಚ್ಚಿಲ್ಲ.

ನೆಟ್ಟು ಕಾವಲಿಗೂ ಬರುತ್ತದೆ ಎಂಬುದನ್ನು ಮರೆಯಬಾರದು. 2018ರಲ್ಲಿ ಆಯೋಗ ತಂದ ‘ಸಿ-ವಿಜಿಲ್’ ಎಂಬ ಆಪಿನಲ್ಲಿ, ಹಣ ಹೆಂಡ ಹಂಚುವುದನ್ನು ಕಂಡವರು ಅಲ್ಲೇ ನಿಂತು ಫೋಟೋ ತೆಗೆದು ಕಳಿಸಬಹುದು. 100 ನಿಮಿಷದಲ್ಲಿ ಕ್ರಮ ಎಂಬುದು ಆಯೋಗದ ಮಾತು. ಹೆಸರು ಹೇಳದೆಯೂ ಕಳಿಸಬಹುದು. ಓಣಿಯ ಪುಢಾರಿಗೆ ಅಂಜುವವರಿಗೆ ಇದು ದೊಡ್ಡ ಅನುಕೂಲ.

ನಾಳೆ ಬೆಳಿಗ್ಗೆಯ ಕೆಲಸ

ಉಪದೇಶ ಸಾಕು, ಕೆಲಸದ ಮಾತು ಹೇಳಿ ಎನ್ನುತ್ತೀರಾ? ಇಲ್ಲಿದೆ.

ಚುನಾವಣಾ ಆಯೋಗದ ಜಾಲತಾಣದಲ್ಲಿ ಮತದಾರರ ಚೀಟಿಯ ನಂಬರು ಹಾಕಿದರೆ ಹೆಸರು ಇದೆಯೋ ಇಲ್ಲವೋ ತಿಳಿಯುತ್ತದೆ. ಫೋನಿನ ಆಟ ಬಾರದವರು 1950ಕ್ಕೆ ಕರೆ ಮಾಡಿ ಕೇಳಬಹುದು. ಅದೂ ಬೇಡವೆಂದರೆ ನಿಮ್ಮ ಮತಗಟ್ಟೆಯ ಬಿಎಲ್‌ಓ ಯಾರು ಎಂದು ಕೇಳಿ ಇಟ್ಟುಕೊಳ್ಳಿ. ಎಷ್ಟೋ ಕಡೆ ಅವರು ಶಾಲೆಯ ಮಾಸ್ತರರೋ ಅಂಗನವಾಡಿಯ ಅಕ್ಕನೋ ಆಗಿರುತ್ತಾರೆ.

ಹೊಸದಾಗಿ ಸೇರಲು ನಮೂನೆ 6. ತಿದ್ದುಪಡಿಗೆ, ಮನೆ ಬದಲಿಗೆ ನಮೂನೆ 8. ತೆಗೆಸಲು ನಮೂನೆ 7. ಮೊದಲು ಜನವರಿ 1ಕ್ಕೆ 18 ತುಂಬಿದವರಿಗೆ ಮಾತ್ರ ಅವಕಾಶ ಇತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಖೂ ಸೇರಿ ವರ್ಷಕ್ಕೆ ನಾಲ್ಕು ಸಲ ಅವಕಾಶ. ನಿಮ್ಮ ಹೆಸರು ತೆಗೆಯಲು ಯಾರಾದರೂ ಅರ್ಜಿ ಹಾಕಿದರೆ ನಿಮ್ಮ ಮಾತು ಕೇಳಲೇಬೇಕು. ನೋಟೀಸು ಬಂದರೆ ‘ಇದೇನೋ ಸರ್ಕಾರಿ ಕಾಗದ’ ಎಂದು ಗೂಡಿನಲ್ಲಿ ಸಿಕ್ಕಿಸಬೇಡಿ. ತೀರ್ಪು ಒಪ್ಪಿಗೆಯಾಗದಿದ್ದರೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಇದೆ. ಗೊತ್ತಿದ್ದೂ ಸುಳ್ಳು ಅರ್ಜಿ ಕೊಟ್ಟವನಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಉಂಟು.

ಮತ್ತೊಂದು ಮುಖ್ಯ ಮಾತು. ಓಟಿಪಿ ಯಾರಿಗೂ ಹೇಳಬೇಡಿ. ರೊಕ್ಕ ಹೋಗುತ್ತದೆ ಎಂದು ಬ್ಯಾಂಕಿನವರು ಎಚ್ಚರಿಸುತ್ತಾರಲ್ಲ, ಇನ್ನು ಮುಂದೆ ನಿಮ್ಮ ಓಟಿಪಿಯಿಂದ ಪಕ್ಕದ ಮನೆಯವನ ಓಟಿಗೂ ಕುತ್ತು ಬಂದೀತು. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿಯ ಹೆಸರಿನಲ್ಲಿ ಮನೆ ಮನೆಯ ವಿವರ ಸಂಗ್ರಹಿಸಿದರು ಎಂಬ ಆರೋಪದ ಮೇಲೆ ಒಂದು ಸಂಸ್ಥೆಯ ವಿರುದ್ಧ ಪ್ರಕರಣ ಆಯಿತು, ದೊಡ್ಡ ಅಧಿಕಾರಿಗಳೇ ಅಮಾನತಾದರು. ಜಾತಿ, ಫೋನ್ ನಂಬರು, ಆಧಾರು ಕೇಳಿಕೊಂಡು ಬಂದವರನ್ನು ‘ಯಾರ ಕಡೆಯವರಪ್ಪಾ?’ ಎಂದು ಮೊದಲು ಕೇಳಿರಿ.

ಇಷ್ಟೆಲ್ಲ ಹೇಳಿ, ನಮ್ಮ ಕಿರಾಣಿ ಅಂಗಡಿಯ ಹುಡುಗನ ಕಥೆ ಮುಗಿಸದೆ ಹೋದರೆ ಹೇಗೆ? ಮೂರು ದಿನ ಬಿಟ್ಟು ಅವನು ಮತ್ತೆ ಬಂದ.

“ಸಾವುಕಾರ್ರ, ನೋಡಿದೆರಿ. ನಂದು ಅದ. ನಮ್ಮಪ್ಪಂದೂ ಅವ್ವಂದೂ ಅದ. ವೈನಿದು ಇನ್ನಾ ತವರಮನಿ ಊರಾಗ ಅದ. ಮುತ್ಯಾ ಸತ್ತು ನಾಕು ವರ್ಷ ಆತು, ಅವಂದೂ ಅದ!”

“ಮತ್ತೇನ್ ಮಾಡಿದಿ?”

“ವೈನಿಗೆ ಎಂಟನೇ ನಮೂನಿ ತುಂಬಿದೆ. ಮುತ್ಯಾಗ ಏಳನೇದು. ಕೈ ನಡುಗ್ತುರಿ ಒತ್ತುವಾಗ.”

ಸಾವುಕಾರರು ತಕ್ಕಡಿ ಕೆಳಗಿಟ್ಟರು. ಸ್ವಂತ ಮುತ್ಯಾನ ಹೆಸರು, ಅದೂ ಖರೆ ಸತ್ತವನ ಹೆಸರು ತೆಗೆಯಲು ಈ ಹುಡುಗನ ಕೈ ನಡುಗಿತು. ಬದುಕಿದ್ದ 5,994 ಮಂದಿಯ ಹೆಸರಿಗೆ ಅರ್ಜಿ ಒತ್ತಿದ ಕೈ ನಡುಗಿತ್ತೋ ಇಲ್ಲವೋ!

“ಇಷ್ಟು ದಿನ ಬರೇ ರಾಜಕಾರಣ ಮಾತಾಡ್ತಿದ್ದಿ. ಇವತ್ತು ಒಂದು ಓಟಿನ ಕೆಲಸ ಮಾಡಿದಿ ನೋಡು ತಮ್ಮಾ. ಕುಂಡ್ರು, ಚಾ ಕುಡಿ,” ಎಂದರು ಸಾವುಕಾರರು.

ಬಸ್ಸು ಬರಲು ಇನ್ನೂ ಹೊತ್ತಿದ್ದರೆ, ಓದುಗರೇ, ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ನಿಮ್ಮದನ್ನೂ ಒಮ್ಮೆ ನೋಡಿಬಿಡಿ. ಪಕ್ಕದಲ್ಲಿ ನಿಂತ ಅಜ್ಜನದನ್ನೂ.